ಪ್ರಶ್ನೆ ಚಿಹ್ನೆಗಳಾಗಿ ಹೋದ ಫೈಲು

ನನ್ನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂರುವವಳನ್ನು ಎಲ್ಲರೂ 'ಕರಿಪರದೆ ಅಕ್ಕ' ಎನ್ನುತ್ತಾರೆ. ಮೌಸ್ ಮುಟ್ಟುವವಳಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಿಯೇ ಕೆಲಸ. ಹಳೆಯ ಕಂಪ್ಯೂಟರು ಒಂದೊಂದು ಅಕ್ಷರಕ್ಕೆ ಒಂದು ಸಂಖ್ಯೆ ಕೊಟ್ಟಿದ್ದರೆ ಹೊಸದು ಬೇರೆಯೇ ಕೊಡುತ್ತದೆ. ಹಾಗಾಗಿ ಹಳೆಯ ಬರಹ ಈಗ ತೆರೆದರೆ ಬರೀ ಗೀಚು. ಯಾವ ಸಂಖ್ಯೆ-ಸಂಕೇತದಿಂದ ಯಾವುದಕ್ಕೆ ಬದಲಿಸಬೇಕು ಎಂದು 'ಐಕಾನ್ವ್' ಆಜ್ಞೆಗೆ ತಿಳಿಸಿ ಅಕ್ಕ ಎಂಟರ್ ಒತ್ತಿದರೆ ಗೀಚು ಅಕ್ಷರವಾಗುತ್ತದೆ. ಹದಿನಾರು ವರ್ಷದಲ್ಲಿ ಒಂದು ಫೈಲೂ ಕೆಟ್ಟಿಲ್ಲ. ಆದರೆ ಬಾಯೋ, ಅಬ್ಬಬ್ಬಾ! ಕೆಲಸದ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಮೈಮೇಲೆ ಬೀಳುತ್ತಾಳೆ. ಯಜಮಾನ ನಾನೇ ಬಾಯಿ ಮುಚ್ಚಿಕೊಂಡಿರುತ್ತೇನೆ.

ಮೊನ್ನೆ ಒಬ್ಬ ತಾಯಿ, ಮಗಳು ಪೆನ್‌ಡ್ರೈವ್ ತಂದರು. ತೀರಿಕೊಂಡ ಮನೆ ಯಜಮಾನರ ದಿನಚರಿ, ನಲವತ್ತೊಂದು ಫೈಲು. ಕೊನೆಯದು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬರೆದದ್ದು.

"ಅದೊಂದು ಓದಿದ್ರೆ ಸಾಕಮ್ಮಾ, ನನಗೆ ಬೇರೇನೂ ಬೇಡ," ಎಂದು ತಾಯಿ ಹೊರಗಿನ ಬೆಂಚಿನಲ್ಲಿ ಕೂತರು.

ನಲವತ್ತು ಫೈಲು ಸಲೀಸಾಗಿ ಆದವು. ಅಕ್ಕ ಕೊನೆಯದನ್ನು ತೆರೆದಳು. ಪರದೆ ತುಂಬ ಪ್ರಶ್ನೆ ಚಿಹ್ನೆ. ಗೀಚು ಇದ್ದರೆ ಅದರ ಹಿಂದೆ ಅಕ್ಷರ ಇದ್ದೇ ಇರುತ್ತದೆ. ಪ್ರಶ್ನೆ ಚಿಹ್ನೆಯಾಗಿ ಸೇವ್ ಆಗಿದ್ದರೆ ಹಿಂದೆ ಏನೂ ಉಳಿದಿರುವುದಿಲ್ಲ.

"ಇದನ್ನ ಯಾರಾದ್ರೂ ತೆಗೆದು ಸೇವ್ ಮಾಡಿದ್ರಾ?" ಎಂದು ಮಗಳನ್ನು ಮೆಲ್ಲಗೆ ಕೇಳಿದಳು.

ಮಗಳ ಮುಖ ಬಿಳುಚಿತು. "ನಾನೇ. ಅಮ್ಮಂಗೆ ಬೇಗ ತೋರಿಸೋಣ ಅಂತ ಸರಿಮಾಡಕ್ಕೆ ಹೋದೆ."

"ಬೇರೆ ಕಾಪಿ?"

"ಇಲ್ಲ. ಹಳೇ ಕಂಪ್ಯೂಟರ್ ಗುಜರಿಗೆ ಹಾಕ್ಬಿಟ್ವಿ."

ಅಕ್ಕ ಸುಮಾರು ಹೊತ್ತು ಏನೇನೋ ಆಜ್ಞೆ ಕೊಟ್ಟು ನೋಡಿದಳು. ಏನೂ ಬರಲಿಲ್ಲ. ಆಮೇಲೆ ಎದ್ದು ಬೆಂಚಿನ ಹತ್ತಿರ ಹೋದಳು.

"ಅಮ್ಮಾ, ಕೊನೇದು ನನ್ನ ಕೈಯಲ್ಲಿ ಹಾಳಾಯ್ತು. ತಪ್ಪು ನಂದೇ."

ತಾಯಿ ಅತ್ತರು, ಆಮೇಲೆ ಬೈದರು. "ನಂಬಿ ಬಂದಿದ್ದಕ್ಕೆ ಒಳ್ಳೇ ಉಪಕಾರ ಮಾಡಿದೆ ಕಣಮ್ಮಾ! ಬರದಿದ್ರೆ ಬರಲ್ಲ ಅನ್ಬೇಕಿತ್ತು!" ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಮಗಳು "ಅಮ್ಮಾ, ಅದು..." ಎಂದು ಬಾಯಿ ತೆರೆದಳು.

"ಪ್ರಿಂಟು ಎಣಿಸ್ಕೋ ತಾಯಿ, ನಲವತ್ತು ಕಂತೆ ಇರ್ಬೇಕು," ಎಂದು ಅಕ್ಕ ನಡುವೆಯೇ ತಡೆದಳು.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲಕ್ಕಾ, ನಿನಗೇನು ಬಂದಿತ್ತು? ಇದ್ದ ಹೆಸರೂ ಹೋಯ್ತಲ್ಲ!"

"ಅವರಿಬ್ರೂ ಒಂದೇ ಮನೇಲಿ ಇರ್ಬೇಕಲ್ಲಪ್ಪಾ," ಎಂದಳು.