ಯಾರ ಪೈಕಿಯವ್ವ ನೀನು

ದೇವದುರ್ಗದ ಆ ಮನೆಯ ಬಾಗಿಲಿಗೆ ಹೋಗಿ ನಿಂತಾಗ ಒಳಗೆ ಯಾರೋ ಗುರೆಳ್ಳು ಹುರಿಯುತ್ತಿದ್ದರು. ಇನ್ನೊಂದು ಗಳಿಗೆ ಬಿಟ್ಟರೆ ಸೀದೇಹೋಗುತ್ತದೆ ಅನ್ನುವ ಹೊತ್ತಿಗೆ ಒಂದು ಎಣ್ಣೆಗಂಪು ಏಳುತ್ತದಲ್ಲ, ಅದು ಹೊಸ್ತಿಲು ದಾಟಿ ಬಂದು ಮುಖಕ್ಕೆ ಬಡಿಯಿತು. ಕೇಳಬೇಕಾದದ್ದು ಮರೆತು ಹೋಯಿತು. ಇಪ್ಪತ್ತೈದು ವರ್ಷದ ಹಿಂದಿನ ರಾಯಚೂರಿನ ಒಂದು ಅಡುಗೆಮನೆ, ಅಲ್ಲಿ ಒಲೆಯ ಮುಂದೆ ಕೂತು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದ ಅಮ್ಮ...

ನಾನು ಗಬ್ಬೂರಿನ ಶಾಲೆಯಲ್ಲಿ ಟೀಚರು. ಈ ಸಲ ನಮ್ಮನ್ನು ಮನೆಮನೆ ಸಮೀಕ್ಷೆಗೆ ಹಾಕಿದ್ದರು. ಹೆಸರು, ವಯಸ್ಸು, ಕೆಲಸ, ಆಮೇಲೆ ಜಾತಿ, ಉಪಜಾತಿ. ತರಬೇತಿಯ ದಿನ ಹೊಸದಾಗಿ ಬಂದ ಮಾಸ್ತರೊಬ್ಬರು ಎದ್ದು ನಿಂತು, ಹೀಗೆ ಮುಖ ನೋಡಿ ಜಾತಿ ಕೇಳುವುದು ತಪ್ಪಲ್ಲವೇ, ಮಂದಿಯ ಮನಸ್ಸಿಗೆ ಹತ್ತುವುದಿಲ್ಲವೇ ಎಂದು ಕೇಳಿದ್ದರು. ಕೇಳದೆ ಬಿಟ್ಟರೆ ಯಾರಿಗೆ ಏನು ಸಿಕ್ಕಿಲ್ಲ ಎಂದು ಗೊತ್ತಾಗುವುದು ಹೇಗೆ ಎಂದು ಇನ್ನೊಬ್ಬರು ಎದ್ದರು. ಅರ್ಧ ತಾಸು ಜಗ್ಗಾಡಿದರು. ಸ್ಟಾಫ್‌ರೂಮಿನಲ್ಲಿ ಬಾಯಿ ಜೋರು ಎಂದೇ ನನಗೆ ಹೆಸರು. ಅವತ್ತು ಮಾತ್ರ ತುಟಿಪಿಟಕ್ಕೆನ್ನದೆ ಕೂತಿದ್ದೆ.

ಆ ಮನೆಯ ಮುದುಕಿ ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಜಾತಿಯನ್ನೂ ವಯಸ್ಸು ಹೇಳಿದ ದನಿಯಲ್ಲೇ ಹೇಳಿದಳು. ನಾನು ಎಲ್ಲ ಮುಗಿಸಿ ಮೊಬೈಲನ್ನು ಚೀಲಕ್ಕೆ ಹಾಕುವಾಗ ನನ್ನ ಮುಖವನ್ನೊಮ್ಮೆ ನೋಡಿದಳು.

"ಎಲ್ಲಾ ನಮ್ದ ಕೇಳಿದ್ರಿ. ನೀವು ಯಾರ ಪೈಕಿ ಟೀಚರ?"

ಗುರೆಳ್ಳಿನ ವಾಸನೆಯಲ್ಲಿ ನಿಂತು ಈ ಪ್ರಶ್ನೆ ಕೇಳಿಸಿಕೊಂಡದ್ದು ನನಗೆ ಎರಡನೆಯ ಸಲ.

ಮೊದಲನೆಯ ಸಲ ನನಗೆ ಹತ್ತೊಂಬತ್ತು. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿ ಮಾನ್ವಿ ತಾಲೂಕಿನ ನಮ್ಮೂರು ಮಲ್ಲಟದಿಂದ ರಾಯಚೂರಿಗೆ ಬಂದಿದ್ದೆ. ಹಾಸ್ಟೆಲಿನಲ್ಲಿ ಜಾಗ ತುಂಬಿತ್ತು, ಬಾಡಿಗೆ ಕೋಣೆ ಹುಡುಕುತ್ತಿದ್ದೆ. ಮೊದಲ ಮನೆಯಲ್ಲಿ ಯಾರ ಪೈಕಿ ಎಂದು ಕೇಳಿದರು, ಇದ್ದದ್ದು ಹೇಳಿದೆ. ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವಲ್ಲ ಎಂದರು. ವಾರ ಬಿಟ್ಟು ಅದೇ ಓಣಿಯಲ್ಲಿ ಹೋದರೆ ಬಾಡಿಗೆಗೆ ಇದೆ ಎನ್ನುವ ರಟ್ಟು ಇನ್ನೂ ಅಲ್ಲೇ ತೂಗಾಡುತ್ತಿತ್ತು. ಎರಡನೆಯ ಮನೆಯವರು ಇನ್ನೂ ಮರ್ಯಾದಸ್ಥರು. ಬಿಸಿಲಲ್ಲಿ ಬಂದಿದ್ದೀ ಎಂದು ನೀರು ಕೊಟ್ಟು ಕಳಿಸಿದರು. ಬೊಗಸೆಗೆ, ಮೇಲಿಂದ ಸುರಿದು.

ಮೂರನೆಯದು ಸ್ಟೇಷನ್ ಕಡೆಯ ಓಣಿಯೊಂದರ ಹಳೆಯ ಕಲ್ಲಿನ ಮನೆ. ಮನೆಯೊಡತಿ ಒಬ್ಬರೇ ಇದ್ದರು, ಆಮೇಲೆ ನಾನು ಅಮ್ಮ ಎಂದು ಕರೆದದ್ದು ಅವರನ್ನೇ. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಕುಟ್ಟಿ ಮನೆಗಳಿಗೆ ಕೊಡುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ. ನಾನು ಹೋದಾಗ ಗುರೆಳ್ಳು ಹುರಿಯುತ್ತ ಒಲೆಯ ಮುಂದಿಂದಲೇ ಕತ್ತು ಹೊರಳಿಸಿ,

"ಯಾವೂರು? ಯಾರ ಪೈಕಿಯವ್ವ ನೀನು?" ಎಂದು ಕೇಳಿದರು.

ನನ್ನ ಅಪ್ಪ ಮಲ್ಲಟದಲ್ಲಿ ಒಂದು ದೊಡ್ಡ ಮನೆತನದ ಹೊಲದಲ್ಲಿ ವರ್ಷದ ಆಳಾಗಿ ದುಡಿಯುತ್ತಿದ್ದ. ಆ ಮನೆತನದ ಹೆಸರು ಹೇಳಿಬಿಟ್ಟೆ. ಅವರ ಮಗಳು ಎಂದೆ. ಬೇರೆ ಯಾವುದಾದರೂ ಹೆಸರು ಹೇಳಬಹುದಿತ್ತು. ಆದರೆ ನನಗೆ ಚೆನ್ನಾಗಿ ಗೊತ್ತಿದ್ದ ದೊಡ್ಡ ಮನೆ ಅದೊಂದೇ. ಅವರ ಎತ್ತುಗಳ ಹೆಸರು, ಅವರ ಬೀಗರ ಊರು, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ, ಎಲ್ಲ ಅಪ್ಪನ ಬಾಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅಂಗಳದಿಂದ ಆಚೆಗೆ ಮಾತ್ರ ನೋಡಿರಲಿಲ್ಲ.

ಅಮ್ಮನ ಮುಖ ಅರಳಿತು. ನಮ್ಮ ಮಂದಿನ ಆತಲ್ಲ, ಬಾ ಒಳಗ ಎಂದರು. ಕೊರಳಲ್ಲಿ ಲಿಂಗ ಯಾಕಿಲ್ಲ ಎಂದು ಮರುದಿನ ಕೇಳಿದರು, ಊರಲ್ಲೇ ಬಿಟ್ಟು ಬಂದಿದ್ದೇನೆ ಎಂದೆ. ಈಗಿನ ಹುಡುಗಿಯರೇ ಹೀಗೆ ಎಂದು ಲೊಚಗುಟ್ಟಿ ಸುಮ್ಮನಾದರು. ಒಂದು ಸುಳ್ಳಿಗೆ ಇನ್ನೊಂದು ಜೋಡಿಯಾಯಿತು.

ಕೇಳುವುದೇ ಅಮ್ಮನಿಗೆ ಒಂದು ಚಟ. ತರಕಾರಿಯವನು, ಕರೆಂಟಿನ ಮೀಟರು ನೋಡಲು ಬಂದವನು, ಪಕ್ಕದ ಮನೆಗೆ ಬಂದ ನೆಂಟರು, ಯಾರನ್ನೂ ಬಿಡುತ್ತಿರಲಿಲ್ಲ. ಯಾವ ಊರು, ಯಾರ ಪೈಕಿ, ತಾಯಿಯ ತವರು ಯಾವುದು. ಕೇಳುತ್ತ ಕೇಳುತ್ತ, ಹಂಗಾದ್ರ ಗಿಲ್ಲೆಸುಗೂರಿನ ನಮ್ಮ ನೆಗೆಣ್ಣಿಗಿ ನೀವು ಹತ್ತಿರದವರು ಎಂದು ಎಲ್ಲಾದರೂ ಒಂದು ಕಡೆ ಗಂಟು ಹಾಕಿಬಿಡುತ್ತಿದ್ದರು. ಒಂಟಿ ಹೆಂಗಸು, ಊರ ಮಂದಿಯನ್ನೆಲ್ಲ ಹೀಗೆ ತನ್ನವರನ್ನಾಗಿ ಮಾಡಿಕೊಳ್ಳುತ್ತಿದ್ದರೋ ಏನೋ. ಆದರೆ ಎಲ್ಲರಿಗೂ ಆ ಗಂಟು ಬೀಳುತ್ತಿರಲಿಲ್ಲ. ಅಂಗಳ ಗುಡಿಸಲು ಬರುತ್ತಿದ್ದ ಹೆಂಗಸಿಗೆ ಹಿತ್ತಲ ಗೂಡಿನಲ್ಲಿ ಒಂದು ಬೇರೆ ಲೋಟವಿತ್ತು. ಬಚ್ಚಲಿಗೆ ಹೋಗುವಾಗ ಬರುವಾಗ ಆ ಲೋಟ ನನ್ನ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನವೂ ಅದನ್ನು ನೋಡದೆ ದಾಟಲು ನನ್ನಿಂದ ಆಗಲಿಲ್ಲ.

ಅಷ್ಟಾಗಿಯೂ ಹೇಳುತ್ತೇನೆ, ನನ್ನನ್ನು ಅಷ್ಟು ಕೇಳಿದವರು ಇನ್ನೊಬ್ಬರಿಲ್ಲ. ಉಂಡಿಯೇನು, ಯಾಕ ಮುಖ ಸಪ್ಪಗ, ಪರೀಕ್ಷಿ ಹೆಂಗಾತು, ಅವ್ವನ ಕೆಮ್ಮು ಕಡಿಮಿ ಆತೇನು... ನಮ್ಮ ಮನೆಯಲ್ಲಿ ಹೀಗೆ ಕೇಳುವವರಿರಲಿಲ್ಲ. ಅಪ್ಪ ಅವ್ವ ಇಬ್ಬರೂ ಹೊಲದಿಂದ ಬಂದರೆ ಸಾಕಾಗಿ ಗೋಡೆಗೆ ಒರಗುತ್ತಿದ್ದರು. ಜ್ವರ ಬಂದ ಒಂದು ಮಧ್ಯಾಹ್ನ ಅಮ್ಮ ನನ್ನ ಹಣೆಗೆ ಒದ್ದೆ ಬಟ್ಟೆ ಇಟ್ಟುಕೊಂಡು ಕೂತರು, ಹಿಂಡಿಗೆ ಬಂದವರನ್ನೆಲ್ಲ ನಾಳೆ ಬರ್ರಿ ಎಂದು ಕಳಿಸಿದರು. ಅಮ್ಮನ ಕೈ ನನ್ನ ಹಣೆಯ ಮೇಲಿತ್ತು. ಇದು ನನಗಲ್ಲ, ಆ ಮನೆತನದ ಮಗಳಿಗೆ ಎಂದುಕೊಳ್ಳುತ್ತ ಮಲಗಿದ್ದೆ. ಅಂಥ ಸುಖದಲ್ಲೂ ಅಂಥ ಸಂಕಟ.

ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ನನ್ನ ಹಣೆಗೂ ವಿಭೂತಿ ಎಳೆಯುತ್ತಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅಪ್ಪ ಬೇರೆ ದೇವರು ದಿಂಡರು ಬಿಟ್ಟು ಎಷ್ಟೋ ವರ್ಷವಾಗಿತ್ತು. ರಜೆಗೆ ಊರಿಗೆ ಹೋಗುವಾಗ ಮಾನ್ವಿ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಹಣೆ ತಿಕ್ಕಿ ತೊಳೆದುಕೊಂಡು ಮಲ್ಲಟದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಅಪ್ಪನ ಮುಂದೆ ಒಬ್ಬಳು, ಇಲ್ಲಿ ಅಮ್ಮನ ಮುಂದೆ ಇನ್ನೊಬ್ಬಳು. ನನ್ನ ಪಾಲಿಗೆ ನಾನು ಉಳಿಯುತ್ತಿದ್ದದ್ದು ಆ ಬಸ್ಸಿನ ಪ್ರಯಾಣದಲ್ಲಿ ಮಾತ್ರ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು. ಗೂಡಿನ ಲೋಟ ನೆನಪಾಗಿ ನುಂಗಿಕೊಳ್ಳುತ್ತಿದ್ದೆ. ಕೋಣೆ ಹೋದೀತು ಎನ್ನುವ ಹೆದರಿಕೆ ಮೊದಮೊದಲಿಗೆ. ಆಮೇಲಾಮೇಲೆ ಕೋಣೆಯ ಚಿಂತೆ ಹೋಯಿತು, ಅಮ್ಮನೇ ಕೈತಪ್ಪಿ ಹೋದಾರು ಎನ್ನುವ ಹೆದರಿಕೆ ಶುರುವಾಯಿತು.

ಎರಡನೆಯ ವರ್ಷ ಮಾನ್ವಿಯಲ್ಲಿ ಅಮ್ಮನ ಸಂಬಂಧಿಕರ ಮನೆಯಲ್ಲಿ ಬಸುರಿ ಸೊಸೆಯ ಕುಬಸದ ಕಾರ್ಯವಿತ್ತು. ಅಮ್ಮ ಹೊಸ ಇಳಕಲ್ ಸೀರೆ ಉಟ್ಟು ಹೋದರು. ಹೋಗುವಾಗ ನಿಮ್ಮೂರ ಕಡಿಯವರು ಸಿಕ್ಕರ ಏನರ ಹೇಳಲೇನು ಎಂದು ಕೇಳಿ ನಕ್ಕಿದ್ದರು. ನನಗೇನೂ ಅನ್ನಿಸಲಿಲ್ಲ, ಬುದ್ಧಿ ಅಷ್ಟು ಮಂಕಾಗಿತ್ತು. ಕಾರ್ಯಕ್ಕೆ ಮಲ್ಲಟದ ಆ ಮನೆತನದ ಯಜಮಾನಿಯೂ ಬಂದಿದ್ದಳು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಅಮ್ಮ ಪಕ್ಕದವರನ್ನು ಕೇಳದೆ ಬಿಡುವವರೇ?

ಮರುದಿನ ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅಮ್ಮ ಪಡಸಾಲೆಯಲ್ಲಿ ಗುರೆಳ್ಳು ಕೇರುತ್ತಿದ್ದರು. ಉಂಡಿಯೇನು ಎನ್ನಲಿಲ್ಲ. ನಾನೇ ಕಾರ್ಯ ಹೇಗಾಯಿತು ಎಂದು ಕೇಳಿದೆ. ಚಲೋ ಆತು ಎಂದರು. ಮೊರ ಎರಡು ಸಲ ಮೇಲೆದ್ದು ಇಳಿಯಿತು. ಆಮೇಲೆ ತಲೆ ಎತ್ತದೆ ಹೇಳಿದರು.

"ಆ ಮನ್ಯಾಗ ಹೆಣ್ಣುಮಕ್ಕಳ ಇಲ್ಲಂತ. ಇಬ್ಬರೂ ಗಂಡುಮಕ್ಕಳಂತ."

ಕೈಯಲ್ಲಿದ್ದ ಪುಸ್ತಕಗಳನ್ನು ಕೆಳಗಿಟ್ಟೆ.

"ಹೌದ್ರಿ" ಎಂದೆ.

ಅಷ್ಟೇ. ಇನ್ನು ಕೇಳುತ್ತಾರೆ, ಹಂಗಾದ್ರ ನೀನು ಯಾರು ಎಂದು ಕೇಳೇ ಕೇಳುತ್ತಾರೆ ಎಂದು ಕಾದು ನಿಂತೆ. ಕೇಳಿದ್ದರೆ ಕಾಲು ಹಿಡಿದು ಎಲ್ಲ ಹೇಳಿಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅಮ್ಮ ಗುರೆಳ್ಳು ಕೇರುತ್ತಲೇ ಇದ್ದರು. ಕಲ್ಲು ಆರಿಸಿ ಆಚೆ ಹಾಕಿದರು. ನಾನು ಕೋಣೆಗೆ ಹೋದೆ.

ಅಂದಿನಿಂದ ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಕೋಣೆ ಬಿಡು ಎನ್ನಲಿಲ್ಲ. ತಾಟು ಅದೇ, ಕೂಡುವ ಜಾಗ ಅದೇ, ರೊಟ್ಟಿಯ ಮೇಲೆ ಬೆಣ್ಣೆ ಮೊದಲಿನಷ್ಟೇ. ನಾನು ಉಂಡೆದ್ದ ಜಾಗಕ್ಕೆ ಒಂದು ಚರಿಗೆ ನೀರು ಹೆಚ್ಚು ಹಾಕುತ್ತಾರೇನೋ ಎಂದು ಕಳ್ಳಿಯ ಹಾಗೆ ಬಾಗಿಲ ಸಂದಿಯಿಂದ ನೋಡಿದೆ, ಹಾಕಲಿಲ್ಲ. ಗೂಡಿನ ಪಕ್ಕ ಎರಡನೆಯ ಲೋಟ ಬರುತ್ತದೇನೋ ಎಂದು ದಿನಾ ನೋಡಿದೆ, ಬರಲಿಲ್ಲ. ಹಣೆಗೆ ವಿಭೂತಿ ಎಳೆಯುವುದನ್ನು ಮಾತ್ರ ಬಿಟ್ಟರು. ವಿಭೂತಿಯ ಒಂದು ಗಟ್ಟಿಯನ್ನು ನನ್ನ ಕೋಣೆಯ ಕಿಟಕಿಯಲ್ಲಿಟ್ಟು ಹೋಗಿದ್ದರು. ಮುಟ್ಟಲು ಮನಸ್ಸಿಲ್ಲದೆ ಇಟ್ಟರೋ, ಹಚ್ಚಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ಇಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಹಚ್ಚಿಕೊಳ್ಳಲಿಲ್ಲ. ನನ್ನ ಬರಿಯ ಹಣೆಯನ್ನು ಅಮ್ಮ ನೋಡಿದರು, ಅದಕ್ಕೂ ಏನೂ ಕೇಳಲಿಲ್ಲ.

ನಾಲ್ಕು ತಿಂಗಳು ಹಾಗೇ ಇದ್ದೆವು. ಉಂಡೆಯಾ ಎನ್ನುವ ಮಾತಿಲ್ಲ, ಬಡಿಸುತ್ತಿದ್ದರು. ಪರೀಕ್ಷೆ ಹೇಗಾಯಿತು ಎನ್ನುವ ಮಾತಿಲ್ಲ. ಆ ಪ್ರಶ್ನೆಗೆ ಹೆದರಿ ಹೆದರಿ ಒಂದೂವರೆ ವರ್ಷ ಕಳೆದವಳು ನಾನು, ಇನ್ನೊಮ್ಮೆ ಕೇಳಬಾರದೇ ಎಂದು ಬಾಗಿಲಲ್ಲಿ ಸುಮ್ಮಸುಮ್ಮನೆ ನಿಲ್ಲುತ್ತಿದ್ದೆ. ಬೈದಿದ್ದರೂ ಚೆನ್ನಾಗಿತ್ತು. ಅಮ್ಮನೂ ನಾನೇ ಹೇಳಲಿ ಎಂದು ಕಾಯುತ್ತಿದ್ದರೇ? ಸುಳ್ಳಿಗೆ ನೊಂದಿದ್ದರೇ, ಇಲ್ಲ ನಿಜಕ್ಕೇ? ನಾನೂ ಬಾಯಿ ಬಿಡಲಿಲ್ಲ.

ಕೋಣೆ ಬಿಟ್ಟು ಹೊರಟ ದಿನ ಒಂದು ಪೊಟ್ಟಣ ಗುರೆಳ್ಳು ಹಿಂಡಿ ಕೈಗೆ ಕೊಟ್ಟರು. ಮತ್ಯಾವಾಗ ಬರ್ತಿ ಎಂದು ಓಣಿಯ ಯಾರನ್ನು ಬೀಳ್ಕೊಟ್ಟರೂ ಕೇಳುತ್ತಿದ್ದವರು ಹೋಗಿ ಬಾ ಎಂದಷ್ಟೇ ಅಂದರು.

ನೌಕರಿ ಸಿಕ್ಕು ಮೂರು ವರ್ಷವಾದ ಮೇಲೆ ಒಮ್ಮೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನನ್ನು ಕಂಡೆ. ಗಿಲ್ಲೆಸುಗೂರಿನ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು, ಸೊರಗಿದ್ದರು. ನಾನು ಕಂಬದ ಹಿಂದೆ ಎರಡು ಮಾರು ದೂರದಲ್ಲಿದ್ದೆ. ಹೋಗಿ ಮಾತಾಡಿಸಬೇಕು ಎಂದು ಕಾಲೆತ್ತುವಷ್ಟರಲ್ಲಿ ಅಮ್ಮ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿದರು. ಯಾವೂರವ್ವ ನಿಂದು, ಯಾರ ಪೈಕಿ ಎಂದು ಕೇಳುವುದು ನನಗೆ ಕೇಳಿಸಿತು. ಆ ಹೆಂಗಸು ಏನು ಹೇಳಿದಳೋ, ಇಬ್ಬರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು. ನಗಬೇಡಿ, ಆ ಹೆಂಗಸಿನ ಮೇಲೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ನಾನು ನನ್ನ ಬಸ್ಸು ಹತ್ತಿದೆ.

ಆಮೇಲೆ ಎಷ್ಟೋ ವರ್ಷಕ್ಕೆ ಧೈರ್ಯ ಮಾಡಿ ಆ ಓಣಿಗೆ ಹೋದೆ. ಕಲ್ಲಿನ ಮನೆ ಇರಲಿಲ್ಲ, ಮೂರು ಅಂತಸ್ತು ಎದ್ದಿತ್ತು. ಪಕ್ಕದ ಮನೆಯವರು, ಅಮ್ಮ ತೀರಿಕೊಂಡು ಎರಡು ವರ್ಷವಾಯಿತಲ್ಲ ಎಂದರು. ನೀವು ಅವರಿಗೆ ಏನಾಗಬೇಕ್ರಿ ಎಂದು ಕೇಳಿದರು. ಬಾಡಿಗೆಗಿದ್ದೆ ಎಂದೆ. ಬೇರೆ ಏನು ಹೇಳಲಿ?

ತರಬೇತಿಯ ದಿನ ಆ ಹೊಸ ಮಾಸ್ತರಿಗೆ ನಾನು ಯಾಕೆ ಏನೂ ಹೇಳಲಿಲ್ಲ ಎಂದರೆ, ನನಗೆ ಉತ್ತರ ಗೊತ್ತಿಲ್ಲ. ಕೇಳುವವರಿಗೆ ಅದು ಒಂದು ಮಾತು, ಹೇಳುವವರಿಗೆ ತಲೆಯ ಮೇಲಿನ ಸೂರು. ಅದು ನನಗೆ ಗೊತ್ತು. ರಟ್ಟು ತೂಗಾಡುತ್ತಿದ್ದ ಆ ಮನೆಯವರನ್ನು ನಾನು ಕ್ಷಮಿಸಿಲ್ಲ. ಆದರೆ ಕೇಳದೆ ಉಳಿದದ್ದರ ಭಾರವನ್ನೂ ನಾನು ಹೊತ್ತಿದ್ದೇನೆ, ಅದೇನೂ ಕಡಿಮೆಯದಲ್ಲ.

ದೇವದುರ್ಗದ ಮುದುಕಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ. ನಮ್ಮ ಜಾತಿ ಹೇಳಿದೆ, ಮಲ್ಲಟ ಎಂದೆ, ಅಪ್ಪ ಅಲ್ಲಿ ಮಂದಿಯ ಹೊಲದಲ್ಲಿ ಆಳಾಗಿದ್ದ ಎಂದೂ ಹೇಳಿದೆ. ಮುದುಕಿ ಅರೆಗಳಿಗೆ ತಡೆದಳು. ಆ ತಡೆ ನನಗೆ ಹೊಸದಲ್ಲ. ಕಾದೆ.

"ಅವ್ವ ಅದಾಳೇನು?" ಎಂದಳು. ಇದ್ದಾಳೆ ಎಂದೆ. ಮಕ್ಕಳೆಷ್ಟು, ಮನೆಯವರಿಗೆ ಏನು ಕೆಲಸ, ಈ ಬಿಸಿಲಾಗ ಇನ್ನ ಎಷ್ಟ ಮನಿ ತಿರಗಬೇಕು, ಮುಂಜಾನೆ ಏನರ ತಿಂದು ಬಂದೀಯೇನು... ಒಳಗೆ ಗುರೆಳ್ಳು ಸೀಯುವ ವಾಸನೆ ಬಂತು, ಮುದುಕಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ, ಕೇಳುತ್ತಲೇ ಇದ್ದಳು. ಒಂದೊಂದಕ್ಕೂ ನಿಜವನ್ನೇ ಹೇಳಿದೆ. ಇಷ್ಟು ಸುಲಭವಾಗಿತ್ತು, ಆದರೆ ಕೇಳುತ್ತಿದ್ದವರು ಆ ಅಮ್ಮ ಅಲ್ಲ.