ಎದುರು ಪಕ್ಷದವನ ಓಟಿಗೆ ಕಾವಲು ನಿಂತ ಲುವೆಲ್ಲಾ

ನವೆಂಬರಿನ ಮಂಗಳವಾರ, ಇನ್ನೂ ಬೆಳಕು ಹರಿದಿಲ್ಲ. ಒಹಾಯೊ ರಾಜ್ಯದ ಸಾಲ್ಟ್ ಕ್ರಾಸಿಂಗ್ ಊರಿನಲ್ಲಿ ಅಗ್ನಿಶಾಮಕ ಠಾಣೆಯ ಕೆಂಪು ಬಂಡಿಗಳೆಲ್ಲ ಹೊರಗೆ ಮಂಜಿನಲ್ಲಿ ನಿಂತಿವೆ. ಒಳಗೆ ಇವತ್ತು ಮತಗಟ್ಟೆ; ಡೀಸೆಲ್ ವಾಸನೆಯ ನಡುವೆ ಲುವೆಲ್ಲಾ ಬ್ರಾಂಟ್ ಮತಪೆಟ್ಟಿಗೆಯೊಳಕ್ಕೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ. ನೋಡಿ ಮುಗಿದ ಮೇಲೆ ಟಾರ್ಚನ್ನು ಪಕ್ಕದಲ್ಲಿದ್ದ ಡೆನೀಸ್ ಹಾಪರ್ ಕೈಗೆ ಕೊಡುತ್ತಾರೆ.

"ಸರಿಯಾಗಿ ಬಗ್ಗಿ ನೋಡಮ್ಮ. ಖಾಲಿ ಇದೆ ಅಂತ ನಾನಂದ್ರೆ ನಂಬಿಬಿಡ್ಬೇಡ. ನಾನು ಆ ಕಡೆಯವಳು!"

ಲುವೆಲ್ಲಾ ಡೆಮಾಕ್ರಾಟ್, ಡೆನೀಸ್ ರಿಪಬ್ಲಿಕನ್. ಇಲ್ಲಿನ ಮತಗಟ್ಟೆಯಲ್ಲಿ ಮುಖ್ಯವಾದ ಯಾವ ಕೆಲಸವನ್ನೂ ಒಬ್ಬರೇ ಮಾಡುವಂತಿಲ್ಲ. ಬೀಗ ತೆಗೆಯಲಿ, ಪೆಟ್ಟಿಗೆ ಹೊರಲಿ, ಈ ಪಕ್ಷದವರೊಬ್ಬರು, ಆ ಪಕ್ಷದವರೊಬ್ಬರು ಜೊತೆಗಿರಲೇಬೇಕು. ಊರೆಲ್ಲ ಎರಡು ಹೋಳಾಗಿ ಕಿತ್ತಾಡುವಾಗ ಈ ಕೋಣೆಯಲ್ಲಿ ಮಾತ್ರ ಜಗಳಗಂಟರನ್ನು ಗಂಟು ಹಾಕಿ ಕೂರಿಸುತ್ತಾರೆ.

ಲುವೆಲ್ಲಾ ವಯಸ್ಸೆಲ್ಲ ಕಳೆದದ್ದು ಶಾಲೆಯ ಅಡುಗೆಮನೆಯಲ್ಲಿ. ಈಗ ಓಟು ಹಾಕಲು ಬರುವ ಅರ್ಧದಷ್ಟು ಜನ ಅವರ ಕೈಯೂಟ ಉಂಡು ಬೆಳೆದವರೇ. ಆದರೂ ಗುರುತಿನ ಚೀಟಿ ಚಾಚುವಾಗ ಹಲವರು ತಲೆ ಎತ್ತುವುದಿಲ್ಲ. ಚುನಾವಣೆಯೆಂದರೆ ಮೋಸ ಎಂಬ ಮಾತು ಹಬ್ಬಿದ ಮೇಲೆ ಈ ಮೇಜಿನ ಮುಂದೆ ನಗು ಕಡಿಮೆಯಾಗಿದೆ. ಟ್ರಕ್ ಓಡಿಸುವವನೊಬ್ಬ ನೇರವಾಗಿಯೇ ಕೇಳುತ್ತಾನೆ: "ಈ ಸಲ ಎಷ್ಟು ಓಟು ನುಂಗ್ತೀರಿ ಮೇಡಂ?"

"ಒಂದೂ ಇಲ್ಲಪ್ಪ. ಬೆಳಿಗ್ಗೆ ಡೋನಟ್ ತಿಂದಿದೀನಿ, ಹೊಟ್ಟೆ ತುಂಬಿದೆ."

ಅವನು ನಗುವುದಿಲ್ಲ. ಲುವೆಲ್ಲಾ ಮುಂದಿನವರ ಹೆಸರು ಕೇಳುತ್ತಾರೆ.

ಡೆನೀಸ್ ಈ ಊರಿಗೆ ಹೊಸಬರು, ಪಕ್ಕದ ಊರಿಂದ ಕಳಿಸಲ್ಪಟ್ಟವರು. ಮೊದಲೆಲ್ಲ ಆ ಜಾಗದಲ್ಲಿ ಕೂರುತ್ತಿದ್ದವರು ಎಮೆಟ್ ಕ್ರೌಲಿ. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದವರು, ಕಟ್ಟಾ ರಿಪಬ್ಲಿಕನ್, ಲುವೆಲ್ಲಾ ಅವರ ಎದುರುಮನೆಯವರು. ಮತಗಟ್ಟೆಯೊಳಗೆ ರಾಜಕೀಯ ಬಾಯಿಬಿಡುವಂತಿಲ್ಲ. ಹಾಗಾಗಿ ಇಬ್ಬರೂ ಊಟದ ಹೊತ್ತಿಗೆ ಆಚೆ ಹೋಗಿ, ಎಮೆಟ್‌ರ ಗಾಡಿಗೆ ಒರಗಿಕೊಂಡು, ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಾ ಮನಸಾರೆ ಜಗಳವಾಡಿ ಬರುತ್ತಿದ್ದರು.

"ನಿನ್ನ ಕಡೆಯವ್ರು ನನ್ನ ಅಂಗಿ ಗುಂಡಿಗೂ ತೆರಿಗೆ ಹಾಕ್ತಾರೆ ಅನ್ನೋನು. ಗುಂಡಿ ಕಿತ್ತೋಗಿ ಎಷ್ಟು ದಿನ ಆಯ್ತು, ನೋಡ್ಕೋ ಅಂತಿದ್ದೆ ನಾನು" ಎಂದು ಲುವೆಲ್ಲಾ ನೆನೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ಅವರ ಜೊತೆ ಮನಸ್ಸು ಬಿಚ್ಚಿ ಜಗಳವಾಡುವವರು ಉಳಿದಿದ್ದು ಅವರೊಬ್ಬರೇ.

ಆ ಜಗಳವನ್ನೂ ಕಳೆದ ವಸಂತದಲ್ಲಿ ಕಳೆದುಕೊಂಡರು. ಶಾಲೆಗಾಗಿ ಮನೆ ತೆರಿಗೆ ಏರಿಸಬೇಕೋ ಬೇಡವೋ ಎಂದು ಊರ ಸಭೆ ಸೇರಿತ್ತು. ಪಿಂಚಣಿಯಲ್ಲಿ ಬದುಕುವವನು ಇನ್ನೆಷ್ಟು ಕಟ್ಟಲಿ ಎಂದು ಎಮೆಟ್ ಎದ್ದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಲುವೆಲ್ಲಾ ರೋಷದಲ್ಲಿ ಎದ್ದು ನಿಂತು, "ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ" ಎಂದುಬಿಟ್ಟರು. ಎಮೆಟ್ ದಂಪತಿಗೆ ಮಕ್ಕಳಾಗಿರಲಿಲ್ಲ. ಆ ಕೊರಗಿನಲ್ಲೇ ಹೆಂಡತಿ ಸತ್ತದ್ದು ಲುವೆಲ್ಲಾ ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಚಪ್ಪಾಳೆ ಬೇರೆ ಬಿತ್ತು. ಅದು ಬೀಳದಿದ್ರೆ ನಾನು ಅಲ್ಲೇ ತಪ್ಪಾಯ್ತು ಅಂತಿದ್ದೆನೇನೋ" ಎನ್ನುತ್ತಾರೆ ಲುವೆಲ್ಲಾ.

ಎಮೆಟ್ ಟೋಪಿ ತೆಗೆದುಕೊಂಡು ಹೊರಟುಹೋದರು. ತೆರಿಗೆಯ ಪ್ರಸ್ತಾವ ಬಿದ್ದುಹೋಯಿತು; ಶಾಲೆ ಸಂಗೀತದ ಮೇಷ್ಟರನ್ನು ಮನೆಗೆ ಕಳಿಸಿತು. ಲುವೆಲ್ಲಾ ಸೇಬಿನ ಪೈ ಮಾಡಿ ಎದುರುಮನೆಯ ಮೆಟ್ಟಿಲ ಮೇಲಿಟ್ಟು ಬಂದರು. ತಟ್ಟೆ ತೊಳೆದು ವಾಪಸ್ ಬಂತು, ಮಾತು ಬರಲಿಲ್ಲ. ಸಂಜೆ ಎರಡೂ ಮನೆಯ ಜಗಲಿಯಲ್ಲಿ ಇಬ್ಬರೂ ಒಬ್ಬೊಬ್ಬರೇ ಕೂತಿರುತ್ತಾರೆ, ನಡುವೆ ಒಂದು ರಸ್ತೆ.

ಈ ಸಲ ಅದೇ ತೆರಿಗೆ ಮತ್ತೆ ಮತಪತ್ರದ ಮೇಲಿದೆ, ಬೇಕೋ ಬೇಡವೋ ಎಂದು ಊರವರೇ ಗುರುತು ಹಾಕಬೇಕು. ಮಧ್ಯಾಹ್ನ ಹೊರಗಿನ ಗಂಟೆ ಮೊಳಗುತ್ತದೆ. ನಡೆಯಲಾಗದವರು ಕಾರಿನಲ್ಲೇ ಕೂತು ಓಟು ಹಾಕಬಹುದು, ಮತಪತ್ರವನ್ನು ಎರಡೂ ಪಕ್ಷದವರು ಒಟ್ಟಿಗೆ ಒಯ್ದು ಕೊಡಬೇಕು. ಲುವೆಲ್ಲಾ, ಡೆನೀಸ್ ಹೊರಗೆ ಬಂದರೆ, ಕಾರಿನಲ್ಲಿ ಎಮೆಟ್. ಏಣಿಯಿಂದ ಬಿದ್ದು ಸೊಂಟದ ಆಪರೇಷನ್ ಆಗಿದೆ, ಅಕ್ಕನ ಮಗಳು ಕರೆತಂದಿದ್ದಾಳೆ. ಮುಖ ಇಳಿದುಹೋಗಿದೆ.

ಎದುರುಮನೆಯವರಾದರೂ ನಿಯಮ ನಿಯಮವೇ. "ನಿಮ್ಮ ಹೆಸರು, ವಿಳಾಸ ಹೇಳಿ" ಎನ್ನುತ್ತಾರೆ ಲುವೆಲ್ಲಾ.

"ಎಮೆಟ್ ಕ್ರೌಲಿ. ಮಿಲ್ ರಸ್ತೆ."

ಅಷ್ಟೇ. ಅವರು ಗುರುತು ಹಾಕುವ ತನಕ ಲುವೆಲ್ಲಾ ಬೆನ್ನು ತಿರುಗಿಸಿ, ಕಟಾವಾದ ಜೋಳದ ಹೊಲ ನೋಡುತ್ತಾ ಗಾಳಿಯಲ್ಲಿ ನಿಲ್ಲುತ್ತಾರೆ. ಪಾತ್ರೆ ತೊಳೆಯುವಾಗೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಹೇಳುವುದಿಲ್ಲ.

"ಮತಪತ್ರ ಹಿಡಿದು ಕೂತೋನ ಹತ್ರ ತಪ್ಪಾಯ್ತು ಅಂದ್ರೆ, ಅದು ಓಟು ಕೇಳಿದ ಹಾಗೆ" ಎಂದು ಆಮೇಲೆ ಹೇಳುತ್ತಾರೆ. "ಸ್ಕೂಲಿಗೋಸ್ಕರ ಬಂದ್ಲು ಅನ್ಕೋತಿದ್ದ. ಅದಕ್ಕಿಂತ ಸುಮ್ನಿರೋದೇ ವಾಸಿ."

ಗುರುತು ಹಾಕಿ ಲಕೋಟೆಯಲ್ಲಿಟ್ಟ ಮತಪತ್ರವನ್ನು ತೆಗೆದುಕೊಳ್ಳಲು ಡೆನೀಸ್ ಕೈ ಚಾಚುತ್ತಾರೆ. ಎಮೆಟ್ ಕೊಡುವುದಿಲ್ಲ.

"ನಾನು ನಿಮ್ಮ ಪಕ್ಷದವಳೇ ಸಾರ್."

"ಗೊತ್ತಮ್ಮ. ಆದ್ರೆ ನೀನ್ಯಾರು ಅಂತ ನನಗೆ ಗೊತ್ತಿಲ್ಲ." ಕೈ ಮುಂದೆ ಚಾಚಿ ಲಕೋಟೆಯನ್ನು ಲುವೆಲ್ಲಾ ಅವರಿಗೆ ಕೊಡುತ್ತಾರೆ. ಅವರ ಮುಖ ನೋಡುವುದಿಲ್ಲ. ಕಾರಿನ ಗಾಜು ಮೇಲೇರುತ್ತದೆ.

ಮರುದಿನ ಬೆಳಿಗ್ಗೆ ಫಲಿತಾಂಶ ಬಂದಿದೆ: ತೆರಿಗೆ ಮತ್ತೆ ಸೋತಿದೆ. ಲುವೆಲ್ಲಾ ಅಡುಗೆಮನೆಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಎಮೆಟ್ ಯಾವ ಕಡೆ ಹಾಕಿರಬಹುದು ಎಂದು ಕೇಳಿದರೆ ನಗುತ್ತಾರೆ.

"ನಾನು ನೋಡ್ಲಿಲ್ಲ. ನೋಡೋ ಅಗತ್ಯಾನೂ ಇಲ್ಲ, ಬೇಡ ಅಂತಾನೇ ಹಾಕಿರ್ತಾನೆ. ನನಗೆ ವಿರುದ್ಧವಾಗಿ ಹಾಕಿದ ಓಟನ್ನ ನನ್ನ ಕೈಗೇ ಕೊಟ್ಟ ನೋಡಿ."

ಬಾಗಿಲ ಬಳಿ ಒಂದು ಕ್ಷಣ ನಿಂತು ಎದುರುಮನೆ ನೋಡುತ್ತಾರೆ.

"ಎಣಿಕೆ ಮುಗೀತಲ್ಲ. ಈಗ ಹೋಗಿ ತಪ್ಪಾಯ್ತು ಅಂದ್ರೆ, ಓಟು ಕೇಳೋಕೆ ಬಂದ್ಲು ಅನ್ನಲ್ಲ. ಬಾಗಿಲು ತೆಗೆದ್ರೆ ಸಾಕು."