ಬಿಳಿ ಐದರ ಅರಿಶಿನ

ಹಾರ್ಮೋನಿಯಂ ರಿಪೇರಿಗೆ ಬಂದರೆ ಅವರು ಮೊದಲು ಅದನ್ನು ಮೂಸುತ್ತಿದ್ದರು. ಬಾರಿಸಿ ನೋಡುವುದೆಲ್ಲ ಆಮೇಲೆ. ಕನ್ನಡಕವನ್ನು ಹಣೆಗೇರಿಸಿ, ಮುಚ್ಚಳ ತೆಗೆದು, ಆ ಉದ್ದನೆಯ ಮೂಗನ್ನು ಪಟ್ಟಿಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಯ್ದು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುವರು. ಪೇಟಿ ತಂದವನು ಕಕ್ಕಾಬಿಕ್ಕಿಯಾಗಿ ಅಂಗಡಿಯಲ್ಲಿದ್ದವರ ಮುಖ ನೋಡುವನು. ಡಾಕ್ಟರು ನಾಡಿ ಹಿಡಿಯುವ ಬದಲು ಮೂಸಿ ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಕೊಟ್ಟೂರಿನಲ್ಲಿ ಎಲ್ಲರ ಬಾಯಲ್ಲೂ ಅವರು ಪೇಟಿ ಸಾಹೇಬರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಗೊತ್ತಿಲ್ಲವೆಂದಲ್ಲ. ನಿಮ್ಮ ಬಗ್ಗೆಯೂ ಬರೆಯುತ್ತೇನೆ ಎಂದು ಒಮ್ಮೆ ಹೇಳಿದ್ದಕ್ಕೆ ಅವರು, “ಬರಿ, ಬ್ಯಾಡ ಅನ್ನಂಗಿಲ್ಲ. ಆದರ ಹೆಸರು ಹಾಕಬ್ಯಾಡ. ಪೇಟಿ ಮ್ಯಾಲೆ ರಿಪೇರಿ ಮಾಡಿದೋನ ಹೆಸರು ಇರತೈತೇನು?” ಎಂದಿದ್ದರು. ಇರುವುದಿಲ್ಲ, ನಿಜ.

ತೊಂಬತ್ತರ ದಶಕದ ನಡುವೆ ನಾನು ಬಿ.ಎ. ಮುಗಿಸಿ ಊರಿನ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೆ. ನಾಲ್ಕು ಪುಟದ ಪತ್ರಿಕೆ. ಮೂರು ಪುಟ ಧಾರಣೆ, ಜಗಳ, ಶ್ರದ್ಧಾಂಜಲಿಗಳಿಂದ ತುಂಬಿಬಿಡುತ್ತಿತ್ತು. ನಾಲ್ಕನೆಯದನ್ನು ತುಂಬಿಸುವ ಹೊಣೆ ನನ್ನದು. ಜಾಹೀರಾತು ಸಿಕ್ಕರೆ ಬರೆಯುವ ಕಷ್ಟ ತಪ್ಪುತ್ತದೆಂದು ರೈಲ್ವೆ ಸ್ಟೇಷನ್ ರಸ್ತೆಯ ಅವರ ಅಂಗಡಿಗೆ ಹೋದೆ. ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ಹೊಟ್ಟೆ ಬಗೆದ ಪೇಟಿಗಳು, ಡಬ್ಬಿ ತುಂಬಾ ಗಾಳಿಗೆ ನುಡಿಯುವ ಹಿತ್ತಾಳೆಯ ಸ್ವರಗಳು, ಅರಗಿನ ವಾಸನೆ.

“ನನಗ್ಯಾಕ ಜಾಹೀರಾತು ತಮ್ಮಾ? ಪೇಟಿ ಕೆಟ್ಟರ ಅವರ ಕಿವೀನ ಅವರನ್ನ ಇಲ್ಲಿಗೆ ಕರ್ಕೊಂಡು ಬರತೈತಿ,” ಎಂದವರೇ ಮುಂದಿದ್ದ ಪೇಟಿಯೊಂದನ್ನು ನನ್ನತ್ತ ತಳ್ಳಿದರು. “ಇದು ಎಂಥೋನದು ಹೇಳು ನೋಡೋಣ.”

ನನಗೇನು ತಿಳಿಯಬೇಕು. ಅವರೇ ಹೇಳಿದರು. “ಅತ್ತರು ನಾರತೈತಿ, ಅಂದ್ರ ಕವ್ವಾಲಿಯವನು. ಕರಿ ಎರಡು ಸವೆದೈತಿ ನೋಡು, ಗಟ್ಟಿ ದನಿ. ತಿದಿ ಮ್ಯಾಲೆ ಸೊಲ್ಯೂಷನ್ ಕಲೆ ಐತಿ. ಕೂಡ್ಲಿಗ್ಯಾಗ ಪಂಕ್ಚರ್ ಅಂಗಡಿ ಇಟ್ಟಾನ. ಇವ ಹಾಡಾಕ ಕುಂತರ ಮಂದಿ ಎದ್ದು ಹೋಗಂಗಿಲ್ಲ. ನಿಮ್ಮ ಪೇಪರ್‌ನ್ಯಾಗ ಇವನ ಸುದ್ದಿ ಯಾವಾಗರೆ ಬಂದೈತೇನು?”

ಬಂದಿರಲಿಲ್ಲ. ನಾಲ್ಕನೆಯ ಪುಟಕ್ಕೆ ಅವತ್ತೇ ದಾರಿ ಸಿಕ್ಕಿತು.

ಕರಿ ಎರಡು, ಬಿಳಿ ಐದು ಎಂದರೆ ಹಾಡುವವರು ತಮ್ಮ ಷಡ್ಜ ಹಿಡಿಯುವ ಪಟ್ಟಿ. ಒಬ್ಬೊಬ್ಬರ ಕಂಠಕ್ಕೆ ಒಂದೊಂದು. ವರ್ಷಗಟ್ಟಲೆ ಬೆರಳು ಅಲ್ಲೇ ಕೂತು ಅಲ್ಲೇ ಸವೆಯುತ್ತದೆ. ಸಾಹೇಬರು ಆ ಸವಕಳಿ ನೋಡಿ ಹಾಡುಗಾರರನ್ನು ಪತ್ತೆ ಹಚ್ಚುತ್ತಿದ್ದರು. ಭಜನೆಯ ಪೇಟಿಯ ಸಂದಿಗಳಲ್ಲಿ ವಿಭೂತಿ ಕೂತಿರುತ್ತದೆ, ನಾಟಕದ ಪೇಟಿಯಲ್ಲಿ ಮುಖದ ಪೌಡರು. ಐದು ತಾಲೂಕಿನ ಪೇಟಿಗಳು ಅವರ ಮೂಗಿನ ಕೆಳಗೆ ಹಾದುಹೋಗುತ್ತಿದ್ದುದರಿಂದ ಅವರಿಗೆ ಗೊತ್ತಿಲ್ಲದ ಹಾಡುಗಾರ ಈ ಸೀಮೆಯಲ್ಲಿರಲಿಲ್ಲ. ಯಾವ ಕ್ಯಾಸೆಟ್ ಕಂಪನಿಗೂ ರೇಡಿಯೋಕ್ಕೂ ಗೊತ್ತಿಲ್ಲದವರು ಅವರಿಗೆ ಗೊತ್ತಿದ್ದರು.

ನಾನು ಅವರ ಹಳೆಯ ಸ್ಕೂಟರಿನ ಹಿಂದೆ ಕೂತು ಊರೂರು ಸುತ್ತಿದೆ. ಕೋಗಳಿಯಲ್ಲಿ ಬಸದಿಯ ನೆರಳಿಗೆ ಕೂತು ತತ್ವಪದ ಹಾಡುವ ದನಗಾಹಿ, ಹಗರಿಬೊಮ್ಮನಹಳ್ಳಿಯ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟಿನವನು, ಹರಪನಹಳ್ಳಿಯ ನಾಟಕದ ಮಾಸ್ತರು, ಎಲ್ಲರೂ ನಾಲ್ಕನೆಯ ಪುಟಕ್ಕೆ ಬಂದರು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗನ ಬಗ್ಗೆ ಬರೆಯಲು ನಾನೇ ಹಿಂದೇಟು ಹಾಕಿದೆ. ಡಿಗ್ರಿ ಮುಗಿಸಿದ ಹೊಸತರಲ್ಲಿ ಯಾವುದು ಸಂಗೀತ, ಯಾವುದಲ್ಲ ಎಂಬುದು ಎಲ್ಲರಿಗೂ ಖಚಿತವಾಗಿ ಗೊತ್ತಿರುತ್ತದೆ.

“ಅದಕ್ಕ ಉಸಿರಿಲ್ಲ ತಮ್ಮಾ, ಉಸಿರಿಲ್ಲದ್ದು ಕೆಡಂಗಿಲ್ಲ, ಕೆಡದಿದ್ದರ ನನಗ ಕೆಲಸ ಇಲ್ಲ. ಸಿಟ್ಟು ಬರಬೇಕಾದೋನು ನಾನು. ನಿನಗ್ಯಾಕ ಸಿಟ್ಟು? ಅವ ಸುಳ್ಳು ನುಡಿಸ್ತಾನೇನು? ಇಲ್ಲ. ಬರಿ,” ಎಂದರು ಸಾಹೇಬರು. ಬರೆದೆ. ಓದುಗರು ಬಹಳ ಮೆಚ್ಚಿದ್ದು ಅದನ್ನೇ.

ಅವರದು ಒಂದು ಕಟ್ಟಪ್ಪಣೆ ಇತ್ತು. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು, ಯಾರ ಬಗ್ಗೆ ಬರೆದಿದ್ದೇನೋ ಅವರ ಮುಂದೆ ಕೂತು ಓದಿ ಹೇಳಬೇಕು. “ಸ್ವರ ಕೂಡಿಸಿದ ಮ್ಯಾಲೆ ಹಾಡೋನ ಕಡೆ ಒಂದ್ಸಲ ಹಾಡಿಸಿ ನೋಡ್ತೀನಿ. ನನ್ನ ಕಿವಿಗೆ ಸರಿ ಇದ್ದರ ಸಾಲದು, ಅವನ ಗಂಟಲಿಗೆ ಸರಿ ಹೋಗಬೇಕು,” ಎನ್ನುವರು. ಕೂಡ್ಲಿಗಿಯ ಕವ್ವಾಲಿಯವನಿಗೆ ಓದಿ ಹೇಳಿದಾಗ, ಗುರುವಿಲ್ಲದೆ ಕಲಿತವನು ಎಂದು ನಾನು ಹೊಗಳಿದ್ದ ಕಡೆ ಅವನು ತಲೆ ತಗ್ಗಿಸಿದ. “ಅದೊಂದು ತಗೀರಿ. ನಮ್ಮವ್ವ ಕಲಿಸ್ಯಾಳ್ರಿ. ಬೀಡಿ ಕಟ್ಟಕೋತ ಹಾಡ್ತಿದ್ಲು,” ಎಂದ. ಮೂರು ಸಲ ಭೇಟಿಯಾದರೂ ಬಾಯಿ ಬಿಡದಿದ್ದ ಮಾತು ಓದಿ ಹೇಳಿದಾಗ ಹೊರಗೆ ಬಿತ್ತು.

ಇಷ್ಟೆಲ್ಲ ನೋಡಿಯೂ ನಾನು ಎಡವಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹಡಗಲಿ ಕಡೆಯ ಒಂದು ಹಳ್ಳಿಯಿಂದ ಭಜನೆಮನೆಯ ಪೇಟಿ ಬಂತು. ಊರಿನ ಹೆಸರು ಈ ಸಲ ಬರೆಯುವುದಿಲ್ಲ. ಅಷ್ಟು ಹೊತ್ತಿಗೆ ನನಗೂ ಮೂಸುವ ಚಟ ಹತ್ತಿತ್ತು. ನಾನು ಮೊದಲು ಮೂಸಿ, ಮಲ್ಲಿಗೆ, ಎಂದೆ ಜಂಬದಿಂದ.

“ಹಡಗಲಿ ಕಡೆಯಿಂದ ಬಂದ ಗುದ್ದಲಿ ಮೂಸಿದರೂ ಮಲ್ಲಿಗೀನ. ಅದು ಬಿಡು. ಇಲ್ಲಿ ನೋಡು.” ಅವರು ಬಿಳಿ ಪಟ್ಟಿಗಳ ಸಂದಿಯಲ್ಲಿ ಸೂಜಿ ಆಡಿಸಿ ತುದಿಯನ್ನು ತೋರಿಸಿದರು. ಹಳದಿ ಪುಡಿ. “ಕರಿ ಒಂದರ ಸುತ್ತ ವಿಭೂತಿ ಐತಿ, ಅದು ಭಜನಿ ಗಂಡಸರದು. ಬಿಳಿ ಐದರ ಸುತ್ತ ಅರಿಷಿಣ ಐತಿ. ಗಂಡಸು ಬಿಳಿ ಐದರಾಗ ಹಾಡಿದರ ನರ ಹರಕೋತಾನ. ಇದನ್ನ ಒಬ್ಬ ಹೆಣ್ಣುಮಗಳು ನುಡಿಸ್ತಾಳ. ದಿನಾ ನುಡಿಸ್ತಾಳ.”

ಪೇಟಿ ತಂದು ಹೊರಗೆ ಕಾಯುತ್ತಿದ್ದವರು ಭಜನೆಯ ಹಿರಿಯರು, ಅವರ ಮನೆ ಭಜನೆಮನೆಗೆ ಹೊಂದಿಕೊಂಡೇ ಇತ್ತು. ಯಾರು ನುಡಿಸುತ್ತಾರೆಂದು ಕೇಳಿದರೆ, ನಾನೊಬ್ಬನೇ, ಎಂದು ಎದೆ ತಟ್ಟಿ ಹೇಳಿದ್ದರು. ಸಾಹೇಬರು ಎದುರಾಡಲಿಲ್ಲ. “ಮಧ್ಯಾಹ್ನದ ಬಿಸಿಲಿಗೆ ಸ್ವರ ಹೆಂಗ ಇರತಾವ ಅಂತ ಅಲ್ಲೇ ಬಂದು ನೋಡ್ತೀನಿ,” ಎಂದು ಕಳಿಸಿದರು. ಅಂಥ ಪರೀಕ್ಷೆ ಯಾವ ಪೇಟಿಗೂ ಬೇಕಿಲ್ಲ.

ರಿಪೇರಿಯಾದ ಪೇಟಿಯೊಂದಿಗೆ ನಾವು ಹೋದ ಮಧ್ಯಾಹ್ನ ಗಂಡಸರೆಲ್ಲ ಹೊಲದಲ್ಲಿದ್ದರು. ಭಜನೆಮನೆಯ ಬಾಗಿಲಲ್ಲಿ ಹಿರಿಯರ ಹೆಂಡತಿ ಮತ್ತು ಸೊಸೆ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಸಾಹೇಬರು ಪೇಟಿ ಇಳಿಸಿ, ಬಿಳಿ ಐದನ್ನು ಒತ್ತಿ ಹಿಡಿದು, ಗೋಡೆಗೆ ಹೇಳುವಂತೆ ಹೇಳಿದರು. “ನನ್ನ ಕಿವಿಗೆ ವಯಸ್ಸಾತು. ಸರಿ ಐತೋ ಇಲ್ಲೋ ಹೇಳೋರು ಬೇಕಿತ್ತು.”

ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಸೊಸೆ ಮೊಗ್ಗಿನಿಂದ ಕಣ್ಣೆತ್ತದೆ, “ಎಳ್ಳಷ್ಟು ಇಳಿದೈತ್ರಿ,” ಎಂದಳು.

ಇಳಿದೇ ಇತ್ತು. ಸಾಹೇಬರು ಬೇಕೆಂದೇ ಇಳಿಸಿ ತಂದಿದ್ದರು. ಅತ್ತೆ ಬೀದಿಯ ಆ ಕಡೆ ಈ ಕಡೆ ನೋಡಿ, “ಕುಂದ್ರಬೆ, ಒಂದು ಹೇಳು. ದೂರದಿಂದ ಬಂದಾರ,” ಎಂದರು. ಇಷ್ಟು ವರ್ಷ ಇವಳು ನುಡಿಸುವಾಗ ಬಾಗಿಲು ಕಾದವರು ಆ ಅತ್ತೆಯೇ ಎಂದು ಆಗ ತಿಳಿಯಿತು. ಸೊಸೆ ಕೂತು ಹಾಡಿದಳು. ನಾನು ಆವರೆಗೆ ಕೇಳಿದ್ದ ಹಾಡುಗಾರರೆಲ್ಲ ಸೇರಿದರೂ ಆ ದನಿಯ ಮುಂದೆ ಒಂದು ಕೈ ಕಡಿಮೆಯೇ. ಇದನ್ನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

ಬರೆಯಲು ಅವಳು ಒಪ್ಪಿದಳು. “ನಂದೇನು ಬರೀತೀರಿ,” ಎಂದು ನಕ್ಕಳು, ಅಷ್ಟೇ. ದಾರಿಯಲ್ಲಿ ಸಾಹೇಬರು, “ಇದನ್ನಂತೂ ಓದಿ ಹೇಳದ ಕೊಡಬ್ಯಾಡ,” ಎಂದು ಎರಡು ಸಲ ಹೇಳಿದರು.

ನಾನು ಓದಿ ಹೇಳಲಿಲ್ಲ. ಪತ್ರಿಕೆ ಮರುದಿನ ಅಚ್ಚಿಗೆ ಹೋಗಬೇಕಿತ್ತು, ಹಡಗಲಿ ಬಸ್ಸು ತಪ್ಪಿತ್ತು. ಇವೆಲ್ಲ ನೆಪ. ನಿಜ ಏನೆಂದರೆ ಬರಹ ಚೆನ್ನಾಗಿ ಬಂದಿತ್ತು. ಹೆಸರು, ಊರು ಸಮೇತ ಬರೆದು, ‘ಗಂಡಸರು ಹೊಲಕ್ಕೆ ಹೋದ ಮೇಲೆ ಭಜನೆಮನೆಯ ಪೇಟಿ ಇವಳದು’ ಎಂಬ ಸಾಲಿನಿಂದ ಮುಗಿಸಿದ್ದೆ. ಆ ಸಾಲನ್ನು ಯಾರಾದರೂ ತೆಗೆಯಿರಿ ಎಂದಾರೆಂಬ ಭಯ ನನಗಿತ್ತು. ಸಂಪಾದಕರು ಬೆನ್ನು ತಟ್ಟಿದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಪೇಟಿ ಮತ್ತೆ ಬಂತು. ಇಲಿ ತಿದಿ ಕಡಿದಿತ್ತು. ಸಾಹೇಬರು ಮೂಸಿದರು. ನನ್ನ ತೊಡೆಯ ಮೇಲಿಟ್ಟು, “ನೀ ನೋಡು,” ಎಂದರು. ನುಸಿಗುಳಿಗೆಯ ವಾಸನೆ. ಬಿಳಿ ಐದರ ಸುತ್ತ ಅರಿಶಿನವಿರಲಿಲ್ಲ. ಧೂಳು ಕೂತಿತ್ತು. ಪೆಟ್ಟಿಗೆಗೆ ಹೊಸ ಚಿಲಕ, ರಿಪೇರಿಗೆಂದು ತೆರೆದುಕೊಟ್ಟ ಹೊಸ ಬೀಗ.

“ಓದಿ ಹೇಳಿದ್ದೇನು?”

ಇಲ್ಲ ಎಂದೆ.

“ಇದು ನೀನು ಬರದದ್ದರ ವಾಸನಿ, ತಮ್ಮಾ,” ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಊರಿನವರು ಪತ್ರಿಕೆ ಓದಿ, ಹೆಣ್ಣುಮಗಳು ಭಜನೆಮನೆಯ ಪೇಟಿ ಮುಟ್ಟುವುದೆಂದರೇನೆಂದು ಕೂಗಾಡಿದ್ದಕ್ಕೆ ಹಿರಿಯರು ಮರ್ಯಾದೆಗಂಜಿ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರೆಂದು ಈ ಸಲ ಪೇಟಿ ತಂದಿದ್ದ ಭಜನೆಯ ಹುಡುಗ ಹೇಳಿದ. ಆ ದನಿಯನ್ನು ಲೋಕಕ್ಕೆ ತೋರಿಸುತ್ತೇನೆಂದು ಹೊರಟವನು ಅವಳಿಗಿದ್ದ ಒಂದೇ ಪೇಟಿಯನ್ನು ಕಿತ್ತುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಮರುದಿನದಿಂದ ಸಾಹೇಬರು ಒಂದು ಪೇಟಿ ಕಟ್ಟತೊಡಗಿದರು. ಮುರಿದ ನಾಟಕ ಕಂಪನಿಯ ಪೇಟಿಯ ಪಟ್ಟಿಗಳು, ಯಾರೋ ಬಿಟ್ಟುಹೋದ ಪೆಟ್ಟಿಗೆ, ತಮಗೆಂದು ತೆಗೆದಿಟ್ಟುಕೊಂಡಿದ್ದ ಹಳೆಯ ಹಿತ್ತಾಳೆಯ ಸ್ವರಗಳು. ತಿದಿಯ ಚರ್ಮ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಸಲ ಗಾಳಿ ಸೋರಿ ನಾಲ್ಕು ಸಲ ಕಿತ್ತು ಅಂಟಿಸಿದೆ. “ಬರಿಯಾಕಿಂತ ಇದು ತ್ರಾಸೇನು?” ಎಂದು ಕೇಳಿದರು ಒಂದು ದಿನ. ಹೌದು ಎಂದೆ. “ಎರಡೂ ಅಷ್ಟ. ಸೋರಿದರ ಸ್ವರ ಬರಂಗಿಲ್ಲ,” ಎಂದರು.

ಪೇಟಿಯೇನೋ ಆಯಿತು. ಒಬ್ಬರ ಮನೆಯ ಸೊಸೆಗೆ ಪೇಟಿ ರಿಪೇರಿಯವನು ಪೇಟಿ ಕೊಡುವುದು ಹೇಗೆ? ಊರು ಮತ್ತೆ ಬಾಯಿ ಮಾಡುತ್ತದೆ. ಸಾಹೇಬರು ಈ ಸಲ ಹಿರಿಯರು ಮನೆಯಲ್ಲಿರುವ ಹೊತ್ತು ನೋಡಿ ಹೋದರು. ಕಟ್ಟೆಯ ಮೇಲೆ ಊರಿನ ನಾಲ್ಕು ಜನ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದರು.

“ಯಜಮಾನ್ರ, ನಂದೊಂದು ಪೇಟಿ ಐತಿ. ದಿನಾ ಎರಡು ತಾಸು ಗಾಳಿ ಆಡದಿದ್ರ ಸ್ವರ ಕಿಲುಬು ಹಿಡಿತಾವ. ನನ್ನ ಅಂಗಡ್ಯಾಗ ಜಾಗ ಇಲ್ಲ. ನಿಮ್ಮ ಮನ್ಯಾಗ ಇಟ್ಕೊಳ್ರಿ. ನೀವು ಹೊಲಕ್ಕ ಹೋಗೋರು. ಮನ್ಯಾಗ ಇರೋರು ಯಾರರೆ ನುಡಿಸಿ ಗಾಳಿ ಆಡಿಸಲಿ.”

ಹಿರಿಯರು ದಡ್ಡರಲ್ಲ. ಪೇಟಿಯನ್ನು ನೋಡಿದರು, ಬಾಗಿಲ ಸಂದಿಯಲ್ಲಿದ್ದ ಹೆಂಡತಿಯನ್ನು ನೋಡಿದರು. ಕೀಲಿ ಉಡಿದಾರದಲ್ಲಿತ್ತು, ಅದು ಊರ ಪೇಟಿಯ ಕೀಲಿ. ಈ ಪೇಟಿಯ ಮೇಲೆ ಊರಿಗೆ ಹಕ್ಕಿರಲಿಲ್ಲ.

“ಎಷ್ಟು ದಿನ ಇಡಬೇಕ್ರಿ?” ಎಂದರು ಕೊನೆಗೆ.

“ನಾ ಬಂದು ಒಯ್ಯೋ ತನಕ.”

ಸಾಹೇಬರು ಆ ಊರಿಗೆ ಮತ್ತೆ ಹೋಗಲೇ ಇಲ್ಲ. ಆ ಕಡೆಯಿಂದ ಮದುವೆಗೆ ಕರೆ ಬಂದರೂ ನೆಪ ಹೇಳಿ ತಪ್ಪಿಸಿಕೊಂಡರು. ಮಾತಿನ ಮನುಷ್ಯ. ಹೋದರೆ ಒಯ್ಯಬೇಕಾಗುತ್ತಿತ್ತಲ್ಲ.

ಹೊಸ ಶತಮಾನದ ಮೊದಲ ಕೆಲವು ವರ್ಷಗಳಲ್ಲೇ ಅವರು ತೀರಿಕೊಂಡರು. ಮುಂಜಾನೆ ಅಂಗಡಿಯ ಬಾಗಿಲು ತೆಗೆದು ಕೂತವರು ಏಳಲಿಲ್ಲ. ಮಣ್ಣಿಗೆ ಐದೂ ತಾಲೂಕಿನ ಹಾಡುಗಾರರು ಬಂದಿದ್ದರು. ಕೀಬೋರ್ಡಿನ ಹುಡುಗನೂ ಬಂದು ಹೆಗಲು ಕೊಟ್ಟ. ಅಷ್ಟು ಗಂಟಲುಗಳು ಸೇರಿಯೂ ಯಾರೂ ಹಾಡಲಿಲ್ಲ.

ನಾನು ಆಮೇಲೆ ಬಹಳ ಜನರ ಬಗ್ಗೆ ಬರೆದೆ. ಒಂದನ್ನೂ ಓದಿ ಹೇಳದೆ ಕೊಟ್ಟಿಲ್ಲ. ಇದನ್ನು ಬರೆದಾಗ ಓದಿ ಹೇಳಲು ಅವರಿರಲಿಲ್ಲ. ಉಳಿದವಳು ಆ ಸೊಸೆಯೊಬ್ಬಳೇ. ಹೋದ ತಿಂಗಳು ಹಡಗಲಿ ಬಸ್ಸು ಹತ್ತಿದೆ, ಈ ಸಲ ತಪ್ಪಿಸಲಿಲ್ಲ. ಅತ್ತೆ ಮಾವ ಇಬ್ಬರೂ ಇಲ್ಲ ಈಗ. ಅವಳ ತಲೆ ನೆರೆತಿದೆ. ನನ್ನನ್ನು ಕಂಡೊಡನೆ ಎದ್ದು ಹೋಗಿ ಪೇಟಿಯ ಪಕ್ಕದಲ್ಲಿ ನಿಂತು ಅದರ ಮೇಲೆ ಕೈಯಿಟ್ಟಳು.

“ಒಯ್ಯಾಕ ಬಂದಿರೇನು?”

ಓದಿ ಹೇಳಲು ಬಂದೆ ಎಂದೆ. ಅವಳು ಕೂತಳು. ಮೊದಲಿಂದ ಕಡೆಯವರೆಗೆ ಓದಿದೆ, ಬೀಗದ ಭಾಗವನ್ನೂ ಬಿಡದೆ. ಅವಳು ಕಣ್ಣೊರೆಸಿಕೊಳ್ಳಲಿಲ್ಲ, ನಗಲೂ ಇಲ್ಲ. ಮುಗಿದ ಮೇಲೆ ಹೇಳಿದಳು.

“ಎಲ್ಲಾ ಸರಿ ಐತ್ರಿ. ಒಂದು ಸೇರಸ್ರಿ. ಬಿಳಿ ಐದು ಆವಾಗಿನದು. ಈಗ ದನಿ ಇಳಿದೈತಿ, ಬಿಳಿ ನಾಕರಾಗ ಹಾಡ್ತೀನಿ. ಸಾಹೇಬರು ಇದ್ದಿದ್ದರ ನಾ ಹೇಳೋದು ಬೇಕಿರಲಿಲ್ಲ.”

ನಾನು ಬಗ್ಗಿ ನೋಡಿದೆ. ಬಿಳಿ ಐದರ ಸುತ್ತಿನ ಅರಿಶಿನ ಹಳೆಯದಾಗಿ ಕಂದಿತ್ತು. ಬಿಳಿ ನಾಲ್ಕರ ಸುತ್ತಿನದು ಹೊಸದು.